ಅರ್ಧ ಬರೆದ ನೀರು

ಕಚೇರಿಯಲ್ಲಿ ಅವಳನ್ನು ಅಂದಾಜಮ್ಮ ಎಂದೇ ಕರೆಯುತ್ತಿದ್ದರು. ಮುಂದಿನ ಮೂವತ್ತು ವರ್ಷ ರಾಜ್ಯದ ಬೇಸಾಯಕ್ಕೆಷ್ಟು ನೀರು ಬೇಕು, ಕೈಗಾರಿಕೆಗೆಷ್ಟು, ವಿದ್ಯುತ್ತಿಗೆಷ್ಟು, ಮನೆಮನೆಯ ನಲ್ಲಿಗೆಷ್ಟು ಎಂದು ಅಂದಾಜು ಮಾಡುವುದು ಅವಳ ಕೆಲಸ. ಹೆಸರಿಟ್ಟವನು ಕ್ಯಾಂಟೀನಿನವನು, ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಕಿಟಕಿ ಸರಿಯಾಗಿ ಮುಚ್ಚದ ಕೋಣೆಯಲ್ಲಿ ಕೂತು, ಎಲ್ಲರೂ ಕಳಿಸುವ ಸುಳ್ಳುಗಳನ್ನು ಕೂಡಿಸಿ ಒಂದು ನಿಜ ತೆಗೆಯಬೇಕಿತ್ತು. ಬೇಸಾಯದವರು ಯಾವಾಗಲೂ ಒಂದು ಕೈ ಹೆಚ್ಚೇ ಕೇಳುತ್ತಾರೆ. ವಿದ್ಯುತ್ತಿನವರು ಯಂತ್ರ ತಂಪು ಮಾಡಿ ನದಿಗೇ ವಾಪಸು ಬಿಡುವ ನೀರನ್ನೂ ಖರ್ಚಿಗೆ ಸೇರಿಸುತ್ತಾರೆ. ಇಂಥವರ ಕಿವಿ ಹಿಂಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

ತಲೆನೋವಾಗಿದ್ದು ಕಡಿಮೆ ಹೇಳುವವರು. ನದಿದಂಡೆಯಲ್ಲಿ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಗಳು ಸಾಲಾಗಿವೆ. ಹೆಚ್ಚು ನೀರು ಎತ್ತಿದೆವು ಎಂದರೆ, ಕೊಳಕು ನೀರೂ ಹೆಚ್ಚು ಬಿಟ್ಟಿದ್ದೀರಿ ಎಂದು ಇನ್ಸ್‌ಪೆಕ್ಟರ್ ಬೆನ್ನು ಹತ್ತುತ್ತಾನೆ. ಹಾಗಾಗಿ ಹಿಂದಿನಿಂದಲೂ ಎಲ್ಲರೂ ಎತ್ತಿದ್ದರಲ್ಲಿ ಅರ್ಧವನ್ನೇ ಬರೆದುಕೊಡುತ್ತಿದ್ದರು. ಇದು ಅವಳಿಗೆ ಓದಿ ತಿಳಿದದ್ದಲ್ಲ. ಆ ಸಾಲಿನ ಒಂದು ಕಾರ್ಖಾನೆ ಅವಳಪ್ಪನದು, ಈಗ ತಮ್ಮನದು.

ಈ ಸಲ ಆ ಸುಳ್ಳು ಕುತ್ತಿಗೆಗೆ ಬಂದಿತ್ತು. ಅಂದಾಜಿಗೆ ಸಹಿ ಬಿದ್ದ ಮೇಲೆ ನದಿಗೆ ಗೇಟುಗಳು ಬರುತ್ತವೆ. ಯಾರಿಗೆ ಎಷ್ಟು ಎಂದು ಬರೆದಿದೆಯೋ ಅಷ್ಟೇ ನೀರು. ಅರ್ಧ ನೀರಿನಲ್ಲಿ ನೂಲು ತೊಳೆದರೆ ಬಣ್ಣ ನಿಲ್ಲುವುದಿಲ್ಲ, ಇಡೀ ಸಾಲು ಬಾಗಿಲು ಹಾಕಬೇಕಾಗುತ್ತದೆ. ಅಂಕಿ ತಿದ್ದಲು ಒಂದೇ ದಾರಿ: ಅಹವಾಲು ಸಭೆಯಲ್ಲಿ ಆ ಕಸುಬಿನವರೇ ಎದ್ದು ಹೇಳಬೇಕು.

ರಜೆಯ ದಿನ ತಮ್ಮನ ಮನೆಗೆ ಹೋಗಿ ಇದನ್ನೆಲ್ಲ ಬಿಡಿಸಿ ಹೇಳಿದಳು.

"ನೀನೇ ತಿದ್ದಿಬಿಡು ಅಕ್ಕ. ಯಾರಿಗೆ ಗೊತ್ತಾಗುತ್ತೆ?"

"ತಮ್ಮನಿಗೋಸ್ಕರ ಮಾಡಿದ್ಲು ಅಂತಾರೆ ಕಣೋ, ಇಡೀ ಲೆಕ್ಕಾನೇ ಕಸದ ಬುಟ್ಟಿಗೆ ಹೋಗುತ್ತೆ. ನಿಮ್ಮಲ್ಲೇ ಯಾರಾದ್ರೂ ಬಾಯಿ ಬಿಡ್ಬೇಕು."

ಮೊದಲು ಬಾಯಿ ಬಿಟ್ಟವನ ಪರವಾನಗಿ ಹೋಗುತ್ತದೆ ಎಂದ ತಮ್ಮ. ಹೋಗಬಹುದು ಎಂದು ಅವಳೂ ಒಪ್ಪಿಕೊಂಡಳು. ಚಹಾ ತಂದಿಟ್ಟ ತಮ್ಮನ ಹೆಂಡತಿ ಅವಳ ಮುಖ ನೋಡದೆ ಒಳಗೆ ಹೋದಳು.

ಸಭೆಯಲ್ಲಿ ಅಂದಾಜಮ್ಮ ಒಂದೊಂದೇ ವಲಯದ ಅಂಕಿ ಓದುತ್ತ ಬಣ್ಣದ ಕಾರ್ಖಾನೆಗಳಿಗೆ ಬಂದಳು. ಆಕ್ಷೇಪಣೆ ಇದೆಯೇ ಎಂದು ಕೇಳಿದಳು. ಮಾಲೀಕರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ಕೂತಿದ್ದರು. ಅವಳು ಹಾಳೆ ಅಂಟಿಕೊಂಡಿದೆ ಎಂಬಂತೆ ಬೆರಳು ಆಡಿಸಿದಳು, ಬಾಯಾರದಿದ್ದರೂ ನೀರು ಕುಡಿದಳು. ಅಧ್ಯಕ್ಷರು ಕೆಮ್ಮಿದರು. ಇನ್ನು ತಡೆಯುವಂತಿರಲಿಲ್ಲ, ಹಾಳೆ ತಿರುವಿದಳು. ಆಗ ತಮ್ಮ ಎದ್ದು ನಿಂತ. ಪಕ್ಕದವನು ಅಂಗಿ ಹಿಡಿದು ಜಗ್ಗುತ್ತಲೇ ಇದ್ದ.

"ಅದು ತಪ್ಪು ಲೆಕ್ಕ ಸಾರ್. ನಾನು ಎತ್ತೋದು ಅದರ ಎರಡಷ್ಟು. ಅಪ್ಪನ ಕಾಲದಿಂದ ಅರ್ಧಾನೇ ಬರ್ಕೊಡ್ತಾ ಬಂದಿದ್ದೀವಿ."

ಇಂಜಿನಿಯರುಗಳು ಅವನ ಕಾರ್ಖಾನೆಯಲ್ಲೇ ಅಳೆದು ನೋಡಿ ಇಡೀ ಸಾಲಿನ ಅಂಕಿ ಹೆಚ್ಚಿಸಿದರು. ಸುಳ್ಳು ಬರೆದೆನೆಂದು ಒಪ್ಪಿಕೊಂಡವನು ಅವನೊಬ್ಬನೇ. ಹಾಗಾಗಿ ಒಂದು ವರ್ಷ ಪರವಾನಗಿ ಅಮಾನತಾದದ್ದೂ ಅವನೊಬ್ಬನದೇ. ಉಳಿದವರು ಏನೂ ಅರಿಯದ ಹಸುಗೂಸುಗಳ ಹಾಗೆ ತೊಟ್ಟಿ ತುಂಬಿಸಿಕೊಂಡರು. ಕಚೇರಿಯಲ್ಲಿ ಅಂದಾಜಮ್ಮನನ್ನು ಬಾಯ್ತುಂಬ ಹೊಗಳಿದರು. ಅವಳು ಕಡತ ಮುಚ್ಚಿಟ್ಟು ಹೊರಟಳು.

ಸಂಜೆ ಕಾರ್ಖಾನೆಗೆ ಹೋದಾಗ ತಮ್ಮ ಒಣಗಿದ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ. ಕೆಲಸದವರೆಲ್ಲ ಪಕ್ಕದ ಕಾರ್ಖಾನೆಗಳಿಗೆ ಹೋಗಿಯಾಗಿತ್ತು. ಇನ್ನು ಮುಂದೆ ಈ ಸಾಲಿಗೆ ನೀರಿನ ಚಿಂತೆ ಇಲ್ಲ, ನಿನ್ನ ಮಕ್ಕಳೂ ಇದೇ ಕಸುಬು ಮಾಡಬಹುದು ಎಂದು ಅವಳು ಹೇಳುತ್ತ ಹೋದಳು. ಅವನು ಪೂರ್ತಿ ಕೇಳಿಸಿಕೊಂಡ.

"ಮೂವತ್ತು ವರ್ಷದ್ದು ಸರಿಹೋಯ್ತು ಅಕ್ಕ. ಈ ವರ್ಷ ಏನು ಮಾಡ್ಲಿ, ಅದನ್ನ ಹೇಳು."

ಅಕ್ಕ ಅವನ ಪಕ್ಕದಲ್ಲಿ ಕೂತಳು.