ಸಂಜೆಯ ನಡಿಗೆಯನ್ನು ಅಳೆದವರು

ಅವರ ಎಡಗಾಲಿನ ಬೂಟಿನ ಮುಂತುದಿ ಯಾವಾಗಲೂ ಸವೆದಿರುತ್ತಿತ್ತು. ಬಾಲ್ಯದಲ್ಲಿ ಪೋಲಿಯೊ ತಗುಲಿದ ಕಾಲು ಅದು. ಹೆಜ್ಜೆಯಿಟ್ಟಾಗ ನೆಲವನ್ನು ಉಜ್ಜಿಕೊಂಡು ಬರುತ್ತಿತ್ತು. ಅದನ್ನು ಸರಿದೂಗಿಸಲು ಬಲಭುಜ ಮೇಲೇಳುತ್ತಿತ್ತು. ಜಕ್ಕೂರು ಕೆರೆಯ ಏರಿಯ ಮೇಲೆ, ಬೆಳಗಿನ ಮಂಜಿನಲ್ಲಿ ಮುಖ ಕಾಣದಷ್ಟು ದೂರದಿಂದಲೇ ನಾನು ಅವರನ್ನು ಗುರುತಿಸುತ್ತಿದ್ದೆ. ಒಮ್ಮೆ ಹಾಗೆಂದು ಹೇಳಿದಾಗ ಚಪ್ಪಾಳೆ ತಟ್ಟಿ ಸಂತೋಷಪಟ್ಟರು.

"ನೋಡಿದ್ರಾ ಮೇಡಂ, ನಮ್ ಮೆಷೀನ್ ಮಾಡೋದೂ ಇಷ್ಟೇ. ನೀವು ಮಾಡಿದ್ರೆ ಸ್ನೇಹ, ಅದು ಮಾಡಿದ್ರೆ ಅಪರಾಧಾನಾ?"

ಅಪರಾಧವೇ ಎಂದೆ. ನಾನು ಕಂಡ ನಡಿಗೆಯನ್ನು ಯಾರಿಗೂ ಮಾರುವುದಿಲ್ಲ ಎಂದು ಕಾರಣವನ್ನೂ ಕೊಟ್ಟೆ. "ಹೂಂ, ಇದು ಪಾಯಿಂಟು" ಎಂದು ಒಪ್ಪಿಕೊಂಡು, ಒಪ್ಪಿದ್ದರಿಂದ ಏನೂ ಬದಲಾಗಬೇಕಿಲ್ಲ ಎನ್ನುವವರಂತೆ ಆಫೀಸಿಗೆ ಹೊರಟರು.

ಆಫೀಸು ಬಾಗಲೂರಿನ ದಾರಿಯಲ್ಲಿದ್ದ ಗಾಜಿನ ಕಟ್ಟಡ. ಮನುಷ್ಯರನ್ನು ನಡಿಗೆಯಿಂದಲೇ ಗುರುತಿಸುವ ಕ್ಯಾಮೆರಾ ತಯಾರಿಸುತ್ತಿದ್ದ ಆ ಕಂಪನಿಗೆ ಅವರು ಮುಖ್ಯ ವಿಜ್ಞಾನಿ. ಕಾರ್ಖಾನೆಗಳು, ಆಸ್ಪತ್ರೆಗಳು, ಕೊನೆಗೆ ಸರ್ಕಾರಗಳೇ ಅದರ ಬಾಗಿಲಲ್ಲಿ ಕಾಯುತ್ತಿದ್ದವು. ಸಮ್ಮತಿ ಕೇಳದೆ ಜನರ ಮೈಯಿಂದ ಮಾಹಿತಿ ತೆಗೆದುಕೊಳ್ಳುವುದು ಕಳವು ಎಂದು ನಾನು ಅಂದೂ ಹೇಳುತ್ತಿದ್ದೆ, ಇಂದೂ ಹೇಳುತ್ತೇನೆ. ಭಾನುವಾರದ ಬೆಳಗುಗಳಲ್ಲಿ ಅದೇ ವಿಜ್ಞಾನಿಯ ಮನೆಯಲ್ಲಿ ಕಾಫಿ ಕುಡಿಯುತ್ತ ಬಹಳ ಸುಖವಾಗಿ ಜಗಳವಾಡುತ್ತಿದ್ದೆ ಎಂಬುದೂ ಅಷ್ಟೇ ನಿಜ.

ನಾವು ಎದುರುಬದುರು ಫ್ಲ್ಯಾಟಿನವರು. ಆ ಅಪಾರ್ಟ್‌ಮೆಂಟ್ ಎದ್ದುನಿಂತದ್ದು ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಜಮೀನಿಗೆ ಬದಲಾಗಿ ಬಿಲ್ಡರ್ ಕೊಟ್ಟ ಮನೆಗಳ ಪೈಕಿ ಒಂದರಲ್ಲಿ ಅವರಿದ್ದರು. ನಾನು ಬಾಡಿಗೆಗೆ ಬಂದವಳು, ಮನೆಗೆಲಸದವರ ಸಂಘಟನೆಯಲ್ಲಿ ದುಡಿಯುವವಳು. ಅವರು ನನ್ನನ್ನು 'ಹೋರಾಟದ ಮೇಡಂ' ಎಂದೇ ಕರೆಯುತ್ತಿದ್ದರು. ನಾನು 'ಶೋಷಣೆ' ಎಂದ ಕೂಡಲೇ ಲೋಟ ಕೆಳಗಿಟ್ಟು ಕೇಳುತ್ತಿದ್ದರು: "ಯಾರಿಗೆ? ಎಲ್ಲಿ ನೋಯ್ತಾ ಇದೆ? ಬೈಯೋದಾದ್ರೆ ಸರಿಯಾಗಿ ಬೈಯಿರಿ ಮೇಡಂ, ಸುಮ್ನೆ ಗಾಳಿಗೆ ಬೈಬೇಡಿ."

ಹೊಸದೇನು ಮಾಡಿದರೂ ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸುವುದು ಅವರ ಪದ್ಧತಿ. ಬೂಟಿನೊಳಗೆ ಅವರೆಕಾಳು ಹಾಕಿಕೊಂಡು ಕಾರಿಡಾರಿನಲ್ಲಿ ನಡೆಯುವರು, ಸೊಂಟಕ್ಕೆ ಅಕ್ಕಿಯ ಚೀಲ ಕಟ್ಟಿಕೊಂಡು ಮೆಟ್ಟಿಲು ಹತ್ತುವರು. ಅಪಾರ್ಟ್‌ಮೆಂಟಿನ ಮಕ್ಕಳು ಹಿಂದೆ ಸಾಲುಗಟ್ಟಿ ಅವರಂತೆಯೇ ಕುಂಟುತ್ತ ಹೋಗುತ್ತಿದ್ದವು. ನಾನು ಮಕ್ಕಳನ್ನು ಗದರಿದರೆ ನನ್ನನ್ನೇ ತಡೆಯುವರು. "ಬಿಡಿ ಮೇಡಂ, ಪಾಪ, ಕಷ್ಟಪಟ್ಟು ಕಲೀತಾವೆ. ಆ ಕೊನೇ ಹುಡುಗಿ ನನಗಿಂತ ಚೆನ್ನಾಗಿ ಕುಂಟ್ತಾಳೆ."

ಆ ಕಂಪನಿ ನಮ್ಮ ಗೇಟಿಗೆ ಹೊಸ ಕ್ಯಾಮೆರಾ ಉಚಿತವಾಗಿ ಹಾಕಿಕೊಟ್ಟಿತು. ಒಳಬರುವಾಗಿನ ನಡಿಗೆಯನ್ನೂ ಹೊರಹೋಗುವಾಗಿನ ನಡಿಗೆಯನ್ನೂ ಅದು ಹೋಲಿಸುತ್ತಿತ್ತು. ಬಟ್ಟೆಯೊಳಗೆ ಏನನ್ನಾದರೂ ಬಚ್ಚಿಟ್ಟುಕೊಂಡವರ ನಡಿಗೆ ಬದಲಾಗುತ್ತದೆ ಎಂಬುದು ಅದರ ಲೆಕ್ಕಾಚಾರ. ಬದಲಾದರೆ ಕೆಂಪು ದೀಪ, ದೀಪ ಹತ್ತಿದರೆ ತಪಾಸಣೆ. ನಿವಾಸಿಗಳ ಸಂಘ ಸಂಭ್ರಮದಿಂದ ಒಪ್ಪಿತು. ಆ ಗೇಟಿನಲ್ಲಿ ದಿನವೂ ಓಡಾಡುವ ಮನೆಗೆಲಸದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇದು ಮೊದಲ ತಪ್ಪು.

ದೀಪ ಹತ್ತತೊಡಗಿದ್ದು ಆ ಮನೆಗೆಲಸದವರಿಗೆ ಮಾತ್ರ. ರಾಜಾನುಕುಂಟೆಯಿಂದ ಬಸ್ಸಿನಲ್ಲಿ ಬಂದು ವಿಜ್ಞಾನಿಯ ಮನೆ, ನನ್ನ ಮನೆ ಮತ್ತು ಕೆಳಮಹಡಿಯ ಇನ್ನೊಂದು ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದ ಮಂಗಳಮ್ಮನವರಿಗೆ ಸಂಜೆ ಸಂಜೆಯೂ ಹತ್ತಿತು. ಕಾವಲುಗಾರರು ಚೀಲ ಬರಿದು ಮಾಡಿಸಿದರು. ಜನರೆದುರು ಸೆರಗು ಕೊಡವಿಸಿದರು. ಏನೂ ಸಿಗಲಿಲ್ಲ. ಸಿಗದಿದ್ದುದೇ ಹೆಚ್ಚಿನ ಅನುಮಾನಕ್ಕೆ ಕಾರಣವಾಯಿತು. ಬರುವ ಶನಿವಾರವೂ ದೀಪ ಹತ್ತಿದರೆ ಒಳಗೆ ಬಿಡುವುದಿಲ್ಲ ಎಂದು ಸಂಘ ತೀರ್ಮಾನಿಸಿತು.

"ಕೆಲ್ಸ ಇನ್ನೊಂದ್ ಕಡೆ ಸಿಗ್ತದೆ ಕಣಕ್ಕಾ," ಎಂದು ಮಂಗಳಮ್ಮ ನನ್ನ ಅಡುಗೆಮನೆಯಲ್ಲಿ ಕೂತು ಅತ್ತರು. "ಕಳ್ಳಿ ಅನ್ನೋ ಎಸ್ರು ಬಂದ್ರೆ ಇಂಗೆ ಒರೆಸಿದ್ರೆ ಓಯ್ತದಾ?"

ಅವರನ್ನು ಕರೆದುಕೊಂಡು ನಾನು ಎದುರುಮನೆಯ ಬಾಗಿಲು ಬಡಿದೆ.

"ಸಾರ್, ನಿಮ್ಮ ಯಂತ್ರ ನಿಮ್ಮ ಮನೆ ಒರೆಸೋರನ್ನೇ ಕಳ್ಳಿ ಅಂತಿದೆ."

"ಮೆಷೀನ್ ಕಳ್ಳಿ ಅನ್ನಲ್ಲ ಮೇಡಂ. ನಡಿಗೆ ಬದಲಾಗಿದೆ ಅನ್ನುತ್ತೆ. ಕಳ್ಳಿ ಅಂದೋರು ಮನುಷ್ಯರು."

"ಆ ಮನುಷ್ಯರ ಕೈಗೆ ಕೆಂಪು ದೀಪ ಕೊಟ್ಟೋರು ಯಾರು?"

ಅವರು ಮಂಗಳಮ್ಮನ ಕಡೆ ತಿರುಗಿ, ತಮ್ಮ ಲೆಕ್ಕ ಎಲ್ಲಿ ತಪ್ಪಿತೆಂದು ನಿಜವಾಗಿಯೂ ತಿಳಿಯಬೇಕಿದ್ದವರಂತೆ ಕೇಳಿದರು: "ಬೆಳಗ್ಗೆ ಬಂದ ಹಾಗೇ ಸಂಜೆ ಹೋಗಲ್ವೇನಮ್ಮ?"

ಮಂಗಳಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. "ಅಯ್ಯೋ ಸಾ, ಮೂರ್ ಮನೆ ನೆಲ ಒರ್ಸಿ, ಪಾತ್ರೆ ಬೆಳಗಿ, ಬಗ್ಗಿದ್ ಸೊಂಟ ಎತ್ಕೊಂಡು ಓಗೋವಾಗ ಮದುವಣಗಿತ್ತಿ ಇದ್ದಂಗೆ ನಡೀಲಾ?"

ತಪ್ಪಿದ್ದೆಲ್ಲೆಂದು ವಿಜ್ಞಾನಿಗೆ ತಿಳಿಯಿತು. ಆ ಯಂತ್ರಕ್ಕೆ ಪಾಠ ಕಲಿಸಿದ್ದು ಕಂಪನಿಯ ಎಂಜಿನಿಯರುಗಳ ನಡಿಗೆಯಿಂದ. ಬೆಳಗ್ಗೆ ಒಳಬಂದು, ದಿನವಿಡೀ ಕುರ್ಚಿಯಲ್ಲಿ ಕೂತು, ಸಂಜೆ ಎದ್ದುಹೋಗುವವರು ಅವರು. ಅವರೆಕಾಳಿನ ಭಾರ, ಅಕ್ಕಿಯ ಭಾರ ಎಲ್ಲವನ್ನೂ ಪರೀಕ್ಷಿಸಿದ್ದ ವಿಜ್ಞಾನಿಗೆ ದುಡಿಮೆಯ ಭಾರವೊಂದು ಹೊಳೆದಿರಲಿಲ್ಲ. "ನಮ್ ಹುಡುಗ್ರು ದಣಿಯೋದೆಲ್ಲ ಕತ್ತಿಂದ ಮೇಲೆ ಮೇಡಂ," ಎಂದರು. "ಕಾಲು ಸಂಜೆಗೂ ಫ್ರೆಶ್ಶಾಗೇ ಇರುತ್ತೆ."

ಕಂಪನಿಯ ಎಂ.ಡಿ. ಈ ವಿಜ್ಞಾನಿಯ ಹಳೆಯ ವಿದ್ಯಾರ್ಥಿ. ಯಲಹಂಕದ ಸರ್ಕಾರಿ ಶಾಲೆಯೊಂದಕ್ಕೆ ಪ್ರಯೋಗಾಲಯ ಕಟ್ಟಿಸಿಕೊಟ್ಟ ಉದಾರಿ. ಆತನಿಗೆ ಅವರು ನನ್ನೆದುರೇ ಫೋನ್ ಮಾಡಿ ದೀಪ ಆರಿಸೋಣ ಎಂದರು. ಶನಿವಾರ ಗಿರಾಕಿಗಳನ್ನು ಕರೆತಂದು ನಮ್ಮ ಗೇಟಿನಲ್ಲೇ ಯಂತ್ರ ತೋರಿಸುವುದಿದೆ, ಅದಾದ ಮೇಲೆ ಸರಿಪಡಿಸೋಣ ಎಂದು ಆತ ಉತ್ತರಿಸಿದ. ಒಬ್ಬ ಹೆಂಗಸಿನ ಮಾನಕ್ಕಿಂತ ಒಂದು ಪ್ರದರ್ಶನ ದೊಡ್ಡದಾಯಿತು. ಇದು ಎರಡನೆಯ ತಪ್ಪು, ಮತ್ತು ತಿಳಿದೂ ಮಾಡಿದ್ದು.

ಶನಿವಾರ ಬೆಳಗ್ಗೆ ವಿಜ್ಞಾನಿ ಆಫೀಸಿಗೆ ಹೋಗಲಿಲ್ಲ. ಬೆಳಗಿನ ನಡಿಗೆ ಯಂತ್ರದಲ್ಲಿ ದಾಖಲಾಗಲೆಂದು ಬೂಟು ಹಾಕಿಕೊಂಡು ಗೇಟಿನಿಂದ ಹೊರಗೆ ಹೋಗಿ ಒಳಬಂದರು. ಬಳಿಕ ಪಂಚೆ ಮೇಲೆತ್ತಿ ಕಟ್ಟಿ, ಬಕೆಟ್ಟು ಹಿಡಿದು ಮಂಡಿಯೂರಿದರು. ತಮ್ಮ ಮನೆ ಮುಗಿಸಿ ನನ್ನ ಮನೆಗೆ ಬಂದರು. ಮಂಗಳಮ್ಮ ಹಿಂದೆಯೇ ಪರದಾಡುತ್ತಿದ್ದರು.

"ಅಯ್ಯೋ ಸಾ, ಏಳಿ ಮೇಲೆ. ಯಾರಾರ ನೋಡಿದ್ರೆ ನನ್ನೇ ಬೈತಾರೆ."

"ಸುಮ್ನಿರಮ್ಮ, ಎಕ್ಸ್‌ಪೆರಿಮೆಂಟ್ ನಡೀತಿದೆ."

"ಅದೇನ್ ಮೆಂಟೋ. ಮೂಲೆ ಬಿಟ್ರಿ ನೋಡಿ! ಬಟ್ಟೆ ಇಂಡಿ ಸಾ, ನೆಲದ್ ಮೇಲೆ ಕೆರೆ ಮಾಡ್ಬುಟ್ರಿ."

ಮಧ್ಯಾಹ್ನ ಅವರ ಬಲಗಾಲು ನಡುಗತೊಡಗಿತು. ಸಾಕು ಎಂದೆ. ನನ್ನ ಮಾತು ಕಿವಿಗೆ ಬೀಳಲಿಲ್ಲ. ಕೆಳಮಹಡಿಯ ಮನೆಯನ್ನೂ ಒರೆಸಿ, ಮೂರೂ ಮನೆಯ ಪಾತ್ರೆ ಬೆಳಗಿ, ಸಂಜೆ ಮತ್ತೆ ಬೂಟು ಹಾಕಿಕೊಂಡು ಗೇಟಿನತ್ತ ನಡೆದರು. ಅಲ್ಲಿ ಎಂ.ಡಿ. ಕೋಟು ತೊಟ್ಟ ಗಿರಾಕಿಗಳಿಗೆ ಯಂತ್ರದ ಗುಣಗಾನ ಮಾಡುತ್ತಿದ್ದ. ವಿಜ್ಞಾನಿ ದಾಟುತ್ತಲೇ ಕೆಂಪು ದೀಪ ಹತ್ತಿತು.

ಕಾವಲುಗಾರ ಕಂಗಾಲಾದ. "ಸಾರ್, ನಿಮ್ದೇ ಮೆಷೀನು..."

"ನನ್ನದಾದ್ರೇನಯ್ಯ? ಮಂಗಳಮ್ಮಂಗೆ ಏನ್ ಮಾಡಿದ್ಯೋ ಅದನ್ನೇ ಮಾಡು." ಎರಡೂ ಕೈ ಮೇಲೆತ್ತಿ ನಿಂತರು.

"ಡಾಕ್ಟರ್, ಏನಿದೆಲ್ಲ?" ಎಂದು ಎಂ.ಡಿ. ತಗ್ಗಿದ ದನಿಯಲ್ಲಿ ಕೇಳಿದ.

"ಏನೂ ಕದ್ದಿಲ್ಲಪ್ಪ. ಮೂರು ಮನೆ ಒರೆಸ್ದೆ, ಅಷ್ಟೇ. ಇವ್ರೂ ಒರೆಸ್ಲಿ, ಸಂಜೆ ಇದೇ ಗೇಟಲ್ಲಿ ನೋಡೋಣ."

ಗಿರಾಕಿಗಳಲ್ಲಿ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಗಲಾರದೆ ಎಂ.ಡಿ.ಯೂ ನಕ್ಕ. ಅಂದೇ ಆ ದೀಪ ಆರಿತು. ಸಂಘದವರು ಅದೇ ಗೇಟಿನಲ್ಲಿ, ಎಲ್ಲರಿಗೂ ಕೇಳುವಂತೆ, ಮಂಗಳಮ್ಮನವರ ಕ್ಷಮೆ ಕೇಳಬೇಕೆಂದು ನಾನು ಪಟ್ಟುಹಿಡಿದೆ. ಕೇಳಿದರು. ವಿಜ್ಞಾನಿ ಹಿಂದೆ ನಿಂತಿದ್ದರು. ತಮ್ಮ ಕಡೆಯಿಂದ ಕ್ಷಮೆಯ ಒಂದು ಮಾತನ್ನೂ ಆಡಲಿಲ್ಲ. ಅವರು ಆಡಬೇಕಿತ್ತು ಎಂದು ನಾನು ಇಂದಿಗೂ ತಿಳಿದಿದ್ದೇನೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಅವರನ್ನು ಹೊಗಳಿ ಸುಮ್ಮನಾಗಬಹುದಿತ್ತು. ಆ ಶನಿವಾರ ಅವರ ಕಾಲು ಕಲಿತ ಪಾಠವನ್ನೇ ಕಂಪನಿ ಹೊಸ ಸರಕನ್ನಾಗಿ ಮಾಡಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಮಾರತೊಡಗಿತು. ಯಾವ ಹೆಂಗಸು ದಣಿಯುತ್ತಿದ್ದಾಳೆಂದು ಸೂಪರ್‌ವೈಸರನ ಪರದೆಯಲ್ಲಿ ಕಾಣುತ್ತಿತ್ತು. ದಣಿದವಳಿಗೆ ಸಿಗುತ್ತಿದ್ದುದು ಬೈಗುಳ.

"ದಣಿದೋರಿಗೆ ರೆಸ್ಟ್ ಕೊಡ್ಲಿ ಅಂತ ಮಾಡಿದ್ದು ಮೇಡಂ," ಎಂದರು.

"ಕೊಡ್ತಿದ್ದಾರಾ?"

"ಇಲ್ಲ."

"ಕೊಡಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?"

ಅವರು ಕಾಫಿ ಲೋಟವನ್ನು ತಿರುಗಿಸುತ್ತ ಕೂತರು. "ಮಾಡೋವಾಗ ಅದನ್ನ ಯೋಚ್ನೆ ಮಾಡೋಕೆ ಹೋಗ್ಲಿಲ್ಲ. ಮಾಡೋದ್ರಲ್ಲಿ ಅಷ್ಟು ಖುಷಿ ಇತ್ತು."

ಅವರಿಂದ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು, ಅತ್ಯಂತ ಭಯ ಹುಟ್ಟಿಸಿದ ಮಾತೂ ಅದೇ. ಕಂಪನಿಯ ವಿರುದ್ಧ ನಾನು ಬರೆದಿದ್ದ ಮನವಿಯನ್ನು ಅವರ ಮುಂದಿಟ್ಟೆ. ಓದಿದರು, ಪೆನ್ನು ತೆಗೆದುಕೊಂಡರು. 'ಅಮಾನವೀಯ', 'ಬರ್ಬರ' ಎಂಬ ಪದಗಳನ್ನೆಲ್ಲ ಹೊಡೆದುಹಾಕಿ, ಕೊನೆಯಲ್ಲಿ ಒಂದೇ ಪ್ರಶ್ನೆ ಸೇರಿಸಿದರು: ಇದನ್ನು ಯಾರ ಮೈಮೇಲೆ ಅಳೆದಿರಿ?

"ಸಹಿ ಹಾಕಿ ಸಾರ್."

"ಇಲ್ಲ ಮೇಡಂ. ಕಂಪನಿ ಷೇರಿದೆ ನನ್ಹತ್ರ, ಮಾರೋ ಮನಸ್ಸೂ ಇಲ್ಲ. ಸಹಿ ಹಾಕಿದ್ರೆ ನಾಟಕ ಆಗುತ್ತೆ. ನೀವು ಬೈತಾ ಇರಿ."

ಮುಂದಿನ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೆಬ್ಬಾಳದ ಚಿತಾಗಾರಕ್ಕೆ ಮಂಗಳಮ್ಮ ಬಂದಿದ್ದರು, ಎಂ.ಡಿ.ಯೂ ಬಂದಿದ್ದ. ಇಬ್ಬರೂ ಅತ್ತರು. ನಾನೂ ಅತ್ತೆ. ಅವರನ್ನು ಕ್ಷಮಿಸಿದೆನೇ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಅವರಿಗೂ ಆ ಪ್ರಶ್ನೆ ಹಿಡಿಸುತ್ತಿರಲಿಲ್ಲ.

ಆಮೇಲೆ ಆ ಮನವಿಯ ಮೇಲೆ ಒಂದು ಉಡುಪು ಕಾರ್ಖಾನೆಯವರು ಅಲ್ಲಿನ ಕೆಲಸಗಾರರನ್ನೂ ನನ್ನನ್ನೂ ಮಾತುಕತೆಗೆ ಕರೆದರು. ಎಂ.ಡಿ. ಪರದೆಯ ಮೇಲೆ ಗೆರೆಗಳನ್ನು ತೋರಿಸಿ ಅಚ್ಚುಕಟ್ಟಾಗಿ ವಿವರಿಸಿದ. ಕಾಲರ್ ಹೊಲಿಯುವ ಹುಡುಗಿಯೊಬ್ಬಳು ಕೈಯೆತ್ತಿ, ನಮ್ಮ ಮನವಿಯ ಕೊನೆಯ ಸಾಲನ್ನು ತನ್ನ ಮಾತಿನಲ್ಲಿ ಕೇಳಿದಳು: "ಇದನ್ನ ಯಾರ್ ಮೈಮೇಲೆ ಅಳತೆ ಮಾಡಿದ್ರಿ ಸಾರ್? ನಮ್ ಥರ ಹೊಲ್ದೋರ್ ಮೇಲಾ?"

ಎಂ.ಡಿ. ಹುಡುಗಿಯನ್ನು ನೋಡಿ, ನನ್ನನ್ನು ನೋಡಿ ಕೇಳಿದ: "ಇದು ಡಾಕ್ಟರ್ ಪ್ರಶ್ನೆ, ಅಲ್ವಾ?"

ಹೌದು ಎಂದೆ. ಆತ ಪರದೆಯನ್ನು ತಾನೇ ಆರಿಸಿ ಕೂತ. ಆ ಕಾರ್ಖಾನೆಯಿಂದ ಯಂತ್ರಗಳನ್ನು ಕಳಚಿದರು. ಉಳಿದ ಕಾರ್ಖಾನೆಗಳಿಗೆ ಇನ್ನೂ ಹೋಗುತ್ತಿದ್ದೇವೆ, ಅದೇ ಪ್ರಶ್ನೆಯನ್ನು ಹಿಡಿದುಕೊಂಡು.