ಸೊಸೆ ಹಾಕಿದ ಚೈನು

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಹೆಗ್ಗಣ ಅವತ್ತು ನನಗೆ ಒಂದಿಷ್ಟೂ ಮುದ್ದಾಗಿ ಕಾಣಲಿಲ್ಲ.

ನನ್ನ ಸೊಸೆ ನರ್ಸ್. ಹಾಸಿಗೆ ಹಿಡಿದವರ ಮನೆಗಳಿಗೆ ಬೈಕಿನಲ್ಲಿ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಾಳೆ. ಬೈಕು ಅವಳ ದುಡಿಮೆಯದು. ಚೈನು ಸವೆದು ಜೋತುಬಿದ್ದಿದೆ, ಬದಲಾಯಿಸಬೇಕು ಎಂದು ಗಂಡನಿಗೆ ಹೇಳಿ ಹೇಳಿ ಸೋತಿದ್ದಳು. "ಎಣ್ಣೆ ಬಿಟ್ರೆ ಸರಿಹೋಗುತ್ತೆ, ನಿಂಗೇನ್ ಗೊತ್ತು?" ಎನ್ನುವುದು ನನ್ನ ಮಗರಾಯನ ಉತ್ತರ. ಕೊನೆಗೆ ನಡುರಸ್ತೆಯಲ್ಲಿ ಚೈನು ಕಳಚಿತು. ಅವಳು ಬಿದ್ದು, ಮೊಣಕೈ ತರಚಿಕೊಂಡು, ಗಾಡಿ ತಳ್ಳಿಕೊಂಡು ಬಂದಳು. ಇವನು ಏನೆಂದ ಗೊತ್ತೇ? "ಹೆಂಗಸರಿಗೆ ಗೇರ್ ಗಾಡಿ ಯಾಕ್ ಬೇಕು? ಮಾರಿಬಿಡೋಣ." ಅಷ್ಟೇ ಅಲ್ಲ, ಅವಳನ್ನು ಒಂದು ಮಾತೂ ಕೇಳದೆ ಗಿರಾಕಿಯನ್ನೂ ಗೊತ್ತುಮಾಡಿಬಿಟ್ಟ! ಗಾಡಿ ಹೋದರೆ ಅವಳ ಕೆಲಸವೂ ಹೋದಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಗಿರಾಕಿ ಬರುವ ದಿನ ಬೆಳಿಗ್ಗೆ ಅವಳು ಹೊಸ ಚೈನು ತಂದು ಅಂಗಳದಲ್ಲಿ ಕೂತಳು. ಸ್ಪ್ಯಾನರು, ಇಕ್ಕಳ, ಹಳೇ ಬಟ್ಟೆ, ಇಷ್ಟೇ ಸಾಮಾನು. ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿದಳು. ಹಳೇ ಚೈನಿನ ಎರಡು ತುದಿ ಸೇರಿಸುವ ಲಾಕು ಕಿತ್ತು, ಅದರ ತುದಿಗೇ ಹೊಸದನ್ನು ಸಿಕ್ಕಿಸಿ ಎಳೆದಳು. ಹಳೆಯದು ಹೊರಬಂದಂತೆಲ್ಲ ಹೊಸದು ಒಳಗಿನ ಹಲ್ಲುಚಕ್ರ ಸುತ್ತಿಕೊಂಡು ಹಿಂದೆಯೇ ಬಂತು. ಎಂಜಿನ್ ಪಕ್ಕದ ಮುಚ್ಚಳ ಬಿಚ್ಚುವ ಗೋಜೇ ಇರಲಿಲ್ಲ.

ಇಷ್ಟು ಹೊತ್ತೂ ನಮ್ಮ ದೊರೆ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ, ಹಾಗಲ್ಲ ಹೀಗೆ ಎಂದು ಬಿಟ್ಟಿ ಉಪದೇಶ ಮಾಡುತ್ತಿದ್ದ. ಕೊನೆಗೆ ಎದ್ದುಬಂದು, ಹೊಸ ಚೈನಿನ ತುದಿಗಳನ್ನು ಸೇರಿಸಿ, ಲಾಕಿನ ಸೀಳುಬಾಯಿ ಚೈನು ಓಡುವ ದಿಕ್ಕಿಗೆ ಬರುವಂತೆ ಕೂರಿಸಿದ.

"ಓಡ್ತಾ ಏನಾದ್ರೂ ತಗುಲಿದ್ರೆ ಲಾಕು ಹಾರಿಹೋಗುತ್ತೆ ರೀ. ಬಾಯಿ ಹಿಂದಕ್ಕಿರ್ಬೇಕು," ಎಂದು ಅವಳು ಅದನ್ನು ಕಿತ್ತು, ತಿರುಗಿಸಿ ಹಾಕಿದಳು. ಚಕ್ರ ಹಿಂದಕ್ಕೆಳೆದು, ಚೈನು ಹದಕ್ಕೆ ತಂದು, ನಟ್ಟು ಬಿಗಿದಳು.

ಗಿರಾಕಿ ಬಂದ. ನನ್ನ ಮಗ ಮಸಿಯಾದ ಎರಡು ಬೆರಳು ಮುಂದೆ ಚಾಚಿ, "ನೋಡಿ ಸಾರ್, ಈಗಷ್ಟೇ ಹೊಸ ಚೈನ್ ಹಾಕಿದೀನಿ," ಎಂದ. ಥೂ, ಮನುಷ್ಯನಿಗೆ ನಾಚಿಕೆ ಎನ್ನುವುದು ಬೇಡವೇ!

ಸೊಸೆ ಬ್ಯಾಗು ಹೆಗಲಿಗೇರಿಸಿ ಗಾಡಿ ಹತ್ತಿದಳು. "ಇದು ಮಾರೋಕಿಲ್ಲ ಸಾರ್. ನಾನು ಕೆಲಸಕ್ಕೆ ಹೊರಟಿದೀನಿ."

ಮಗ ಅವಳಿಗೆ ಅಡ್ಡ ನಿಂತ. "ಅಮ್ಮಾ, ನೀನಾದ್ರೂ ಹೇಳಮ್ಮ ಇವಳಿಗೆ!"

"ನಾನೇನೋ ಹೇಳ್ಲಿ? ಗಾಡಿ ಅವಳದು. ದಾರಿ ಬಿಡು," ಎಂದೆ.

ಅವನು ಕದಲಲಿಲ್ಲ. ನಾನೇ ಹೋಗಿ ರಟ್ಟೆ ಹಿಡಿದು ಪಕ್ಕಕ್ಕೆಳೆದೆ.