ಅಕ್ಕನ ಮೂಗು ಮತ್ತು ಊರಿನ ಧೂಳು

ಪಂಚೇಂದ್ರಿಯಗಳಲ್ಲಿ ಮೂಗಿಗೆ ಮಧ್ಯಸ್ಥಾನ ಕೊಟ್ಟಿರುವುದರ ಹಿಂದೆ ಸೃಷ್ಟಿಯ ಯಾವುದೋ ಗಹನವಾದ ಉದ್ದೇಶ ಇರಲೇಬೇಕು. ನಮ್ಮ ಸಂಡೂರಿನಲ್ಲಿ ಮಾತ್ರ ಅದು ಅದಿರಿನ ಧೂಳು ಸೋಸುವ ಜರಡಿ. ಗಹನತೆಗೆ ಅಲ್ಲಿ ಜಾಗವಿಲ್ಲ.

ಖಾನಾವಳಿ ಅಕ್ಕನ ಮೂಗು ಇದಕ್ಕೆ ಹೊರತಾಗಿತ್ತು. ಅಗಲವಾದ ಮೂಗು, ಎಡಹೊಳ್ಳೆಯ ಮೇಲೆ ಕೆಂಪು ಹರಳಿನ ದೊಡ್ಡ ಮೂಗುತಿ. ಸಾರು ಕುದಿಯುವಾಗ ಹಬೆಯೊಳಗಿಂದ ಮೊದಲು ಕಾಣುತ್ತಿದ್ದುದು ಆ ಹರಳು, ಆಮೇಲೆ ಅಕ್ಕ. ಗುಮಾಸ್ತಗಿರಿಗೆಂದು ಈ ಊರಿಗೆ ಬಂದ ನಾನು ವರ್ಷಗಟ್ಟಲೆ ಉಂಡದ್ದು ಅಲ್ಲೇ. ನನ್ನ ಜೊತೆ ಸಾಲಿನಲ್ಲಿ ಕೂರುತ್ತಿದ್ದವರು ಅದಿರು ಲಾರಿಯ ಡ್ರೈವರುಗಳು. ಅವರು ಆರ್‌ಟಿಓಗೆ ಹೆದರುತ್ತಿರಲಿಲ್ಲ, ಅಕ್ಕನ ಮೂಗಿಗೆ ಹೆದರುತ್ತಿದ್ದರು. ಕುಡಿದು ಬಂದವನು ಹೊಸ್ತಿಲು ದಾಟುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು.

"ಲೇ, ಕೀಲಿ ಇಲ್ಲಿಡು."

"ಇಲ್ಲಕ್ಕಾ, ಕೆಮ್ಮಿನ ಔಷಧ ಕುಡುದೀನಿ," ಎನ್ನುತ್ತಿದ್ದ ಚೋರನೂರಿನ ಡ್ರೈವರ್. ಈ ಕಥೆಯಲ್ಲಿ ಅವನು ಮತ್ತೆ ಬರುತ್ತಾನೆ.

"ಆ ಔಷಧದ ಅಂಗಡಿ ಎಲ್ಲೈತಿ ಅಂತ ನನಗೂ ಗೊತ್ತು. ಉಣ್ಣು, ಹಿಂದ ಮಕ್ಕೊ. ಎದ್ದಮ್ಯಾಲೆ ಕೀಲಿ."

ಲಾರಿಯ ಕೀಲಿ ಒಲೆಯ ಪಕ್ಕದ ಮೊಳೆಗೆ ನೇತುಬೀಳುತ್ತಿತ್ತು. ಹೊಸಪೇಟೆ ದಾರಿಯ ತಿರುವುಗಳಲ್ಲಿ ಎಷ್ಟು ಜನ ಆ ಮೊಳೆಯ ದೆಸೆಯಿಂದ ಬದುಕಿದರೋ, ಲೆಕ್ಕ ಇಟ್ಟವರಿಲ್ಲ. ಸನ್ಮಾನಗಳನ್ನು ನಮ್ಮೂರು ಬೇರೆ ಥರದವರಿಗೆ ಮೀಸಲಿಟ್ಟಿದೆ.

ಒಂದು ದಿನ ಚೋರನೂರಿನವನು ತೂರಾಡುತ್ತ ಬಂದ. ಅಕ್ಕ ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು, "ಇನ್ನೊಂದು ಹಾಕಲೇನು?" ಅಂದಳು. ಅವನು ಹೊಟ್ಟೆತುಂಬ ಉಂಡು, ಕೀಲಿ ಕುಣಿಸುತ್ತ ಹೋದ. ಮರುದಿನ ಡ್ರೈವರುಗಳಲ್ಲಿ ಹಬ್ಬ. "ಅಕ್ಕ ಈಗ ಭಾಳ ಮೆತ್ತಗಾಗ್ಯಾಳಪ್ಪೋ!" ಅಕ್ಕ ಮೆತ್ತಗಾಗಿರಲಿಲ್ಲ. ಮೂಗು ಕಟ್ಟಿ ವಾಸನೆ ಸತ್ತಿತ್ತು. ಕಣ್ಣೆದುರಿನ ಬೇಳೆ ತಳಹಿಡಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಮೂಗು ಒರೆಸಿಕೊಂಡರೆ ಸೆರಗು ಕೆಂಪಗಾಗುತ್ತಿತ್ತು. ಬೇರೆ ಯಾವ ಊರಿನಲ್ಲಾದರೂ ಹೆಣ್ಣುಮಗಳ ಸೆರಗಿನ ಮೇಲೆ ಕೆಂಪು ಕಂಡರೆ ಜನ ಗಾಬರಿಬೀಳುತ್ತಾರೆ. ನಮ್ಮಲ್ಲಿ ಎಲೆ ಕೆಂಪು, ಎಮ್ಮೆ ಕೆಂಪು, ಒಗೆದ ನೀರು ಕೆಂಪು. "ಧೂಳು ಬಿಡ್ರಿ," ಅಂದಳು ಅಕ್ಕ. ಊರೂ ಅದನ್ನೇ ಅಂದಿತು. ಅವರನ್ನು ಕ್ಷಮಿಸಬಹುದು, ಅವರ ಕೊರಳಲ್ಲಿ ಸ್ಟೆತಸ್ಕೋಪು ಇರಲಿಲ್ಲ.

ಇದ್ದವರ ವಿಷಯಕ್ಕೆ ಬರುತ್ತೇನೆ. ಸಂಡೂರಿನ ಡಾಕ್ಟರು ಮೂಗಿಗೆ ಹನಿ ಬರೆದರು. ಮೂರು ತಿಂಗಳಾದರೂ ಕಡಿಮೆಯಾಗದಿದ್ದಾಗ ಕಂಪ್ಲಿಯಿಂದ ಅಕ್ಕನ ಮಗಳು ಬಂದಳು; ಅವರಿಬ್ಬರ ಜೊತೆ ನಾನೂ ಹೊಸಪೇಟೆಗೆ ಹೋದೆ. ಅಲ್ಲಿನ ಮೂಗಿನ ತಜ್ಞರು ಮೂಗಿಗೆ ಟಾರ್ಚು ಹಿಡಿಯುವ ಮೊದಲೇ ವಿಳಾಸ ಕೇಳಿದರು.

"ಸಂಡೂರಿನವರೇನ್ರಿ? ಹಂಗಾದ್ರ ಧೂಳೇ. ಅಲರ್ಜಿ."

"ಮುಖಾನೂ ಬಾತೈತ್ರೀ ಸಾಹೇಬ್ರ," ಅಂದಳು ಮಗಳು.

"ಧೂಳಿಗೆ ಬಾತೇ ಬಾಯ್ತದವ್ವ."

ಧೂಳು ನಮ್ಮ ಸೀಮೆಯಲ್ಲಿ ಬರೀ ಧೂಳಲ್ಲ, ರೋಗನಿರ್ಣಯ. ಅದಕ್ಕೆ ಫೀಸೂ ಉಂಟು. ಇನ್ನೊಬ್ಬರು ಸೈನಸ್ ಎಂದು ಒಳಗೆ ಕೆರೆದು ಚೂರು ಪರೀಕ್ಷೆಗೆ ಕಳಿಸಿದರು. ಸತ್ತ ಮಾಂಸ, ಬರೀ ಉರಿಯೂತ, ಕ್ಯಾನ್ಸರ್ ಇಲ್ಲ ಎಂದು ಉತ್ತರ ಬಂತು. ಅಕ್ಕ ಆ ಖುಷಿಗೆ ಎಲ್ಲರಿಗೂ ಹೋಳಿಗೆ ಹಾಕಿದಳು. ಮಾಂಸ ಸತ್ತದ್ದೇಕೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಮೂಗಿನಿಂದ ಕೊಳೆತ ವಾಸನೆ ಶುರುವಾಯಿತು. ಊರಿಗೆಲ್ಲ ಬರುತ್ತಿದ್ದ ಆ ವಾಸನೆ ಅವಳೊಬ್ಬಳಿಗೆ ಬರುತ್ತಿರಲಿಲ್ಲ. ಅಂಟುರೋಗವೆಂದು ಸುದ್ದಿ ಹಬ್ಬಿ ಖಾನಾವಳಿ ಖಾಲಿಯಾಯಿತು. ಅವಳ ಕೈಯಲ್ಲಿ ಉಂಡು, ಅವಳ ಮೊಳೆಯಿಂದ ಬದುಕಿದ ಗಂಡಸರು ಎದುರಿನ ಹೋಟೆಲಿನಲ್ಲಿ ಬೆನ್ನು ತಿರುಗಿಸಿ ಕೂತು ಉಪ್ಪಿಟ್ಟು ತಿಂದರು. ಆ ಬೆನ್ನುಗಳನ್ನು ನಾನು ಇವತ್ತಿಗೂ ಗುರುತು ಹಿಡಿಯಬಲ್ಲೆ.

ಒಂದು ಬೆಳಿಗ್ಗೆ ಕುಡಿದ ನೀರು ಮೂಗಿನಿಂದ ಹೊರಬಂತು. ಅಂಗುಳದಲ್ಲಿ ತೂತು ಬಿದ್ದಿತ್ತು. ಅವತ್ತೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಟೆವು. ಅಲ್ಲಿನ ಡಾಕ್ಟರಮ್ಮ ಸತ್ತ ಭಾಗ ಬಿಟ್ಟು ಅಂಚಿನಿಂದ ಆಳವಾಗಿ ಚೂರು ತೆಗೆಸಿದರು. ರೋಗ ಸಿಕ್ಕಿತು: ಮೂಗಿನಲ್ಲಿ ಹುಟ್ಟುವ, ಅಪರೂಪದ ಒಂದು ಲಿಂಫೋಮಾ. ರಕ್ತದ ಬಿಳಿಕಣಗಳ ಕ್ಯಾನ್ಸರು, ತಾನಿದ್ದ ಕಡೆ ಮಾಂಸವನ್ನು ಸಾಯಿಸುತ್ತ ಹೋಗುತ್ತದೆ ಎಂದು ವಿವರಿಸಿದರು.

"ಮೂಗು ಕಟ್ಟಿದ್ದಾಗಲೇ ಬಂದಿದ್ದರೆ ರೇಡಿಯೇಷನ್ನು, ಕೀಮೋ ಎರಡೂ ಕೊಟ್ಟು ಗುಣಮಾಡುವ ಅವಕಾಶ ಚೆನ್ನಾಗಿತ್ತಮ್ಮ. ಈಗ ಹರಡಿದೆ. ಪ್ರಯತ್ನ ಮಾಡೋಣ."

"ಧೂಳಲ್ಲೇನ್ರಿ ಹಂಗಾದ್ರ?"

"ಅಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. "ನೋಡ್ರಿ, ಸುಮ್ನ ಪಾಪ ಧೂಳಿಗೆ ಬೈದ್ವಿ."

ಬೈಯಬೇಕಾದವರ ಹೆಸರುಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು.

ರೇಡಿಯೇಷನ್ನಿಗೆ ಮುಂಚೆ ಮೂಗುತಿಯನ್ನು ಕತ್ತರಿಸಿ ತೆಗೆಸಬೇಕಾಯಿತು. ಬಾತ ಮೂಗಿನಲ್ಲಿ ತಿರುಪು ಹೂತುಹೋಗಿತ್ತು. ಚಿಕಿತ್ಸೆಗೆ ಬಾವು ಇಳಿಯಿತು, ದುರ್ವಾಸನೆ ನಿಂತಿತು. ಅಕ್ಕ ಹಟಹಿಡಿದು ಸಂಡೂರಿಗೆ ಬಂದು ಮತ್ತೆ ಒಲೆ ಹಚ್ಚಿದಳು. ಗಿರಾಕಿಗಳು ಅಲ್ಲೊಬ್ಬ ಇಲ್ಲೊಬ್ಬ. ಮೂಗಿನ ಕೆಲಸವನ್ನೀಗ ಬಾಯಿಂದ ಮಾಡುತ್ತಿದ್ದಳು. ಒಳಗೆ ಬಂದ ಪ್ರತಿಯೊಬ್ಬನಿಗೂ ಮೊದಲ ಪ್ರಶ್ನೆ: "ಕುಡುದೀಯೇನಲೇ?" ಎಲ್ಲರೂ ಇಲ್ಲ ಅನ್ನುತ್ತಿದ್ದರು. ಕೆಲವರು ಸುಳ್ಳು ಹೇಳುತ್ತಿದ್ದರು. ನನ್ನ ಮೂಗು ನೆಟ್ಟಗಿತ್ತು.

ಚೋರನೂರಿನವನು ಬಂದ ದಿನ ಅಕ್ಕ ಕೇಳುವ ಮೊದಲೇ ಒಲೆಯ ತನಕ ನಡೆದು ಕೀಲಿಯನ್ನು ತಾನೇ ಮೊಳೆಗೆ ಹಾಕಿದ.

"ಕುಡುದೀನಕ್ಕಾ."

"ಕೂಡು ಮತ್ತ. ರೊಟ್ಟಿ ಬಿಸಿ ಅದಾವು."

ರೋಗ ವರ್ಷದೊಳಗೆ ಮರಳಿ, ಚರ್ಮಕ್ಕೂ ಲಿವರಿಗೂ ಹರಡಿತು. ಕಂಪ್ಲಿಯ ಮಗಳ ಮನೆಯಲ್ಲಿ ಅಕ್ಕ ತೀರಿಕೊಂಡಳು. ಮಣ್ಣಿಗೆ ಬಂದ ಹಿರಿಯರೊಬ್ಬರು ಕೈ ತೊಳೆಯುತ್ತ, "ಏನ್ ಮಾಡೋದ್ರಿ, ಸಂಡೂರಿನ ಧೂಳೇ ಹಂಗ," ಅಂದರು. ಸುತ್ತಲಿದ್ದವರು ತಲೆಯಾಡಿಸಿದರು.

ಅಕ್ಕ ಸತ್ತದ್ದು ಮೂಗಿನ ಲಿಂಫೋಮಾದಿಂದ.